ಜೀಪಿನ ಗಾಲಿ ಬಿಚ್ಚಿದ ಮಧ್ಯಾಹ್ನ

ಟೈರಿನ ಅಂಗಡಿಯ ಮುಂದೆ ಹಾದರೆ, ರಬ್ಬರಿನ ಆ ವಾಸನೆಗೆ ಈಗಲೂ ನನ್ನ ಕಿವಿ ಗುಂಯ್ ಎನ್ನುತ್ತದೆ.

ಶಹಾಬಾದಿನಲ್ಲಿ ಅಪ್ಪ ಕಲ್ಲಿನ ಗಣಿಗೆ ಓಡಾಡಲು ಮಿಲಿಟರಿಯ ಹಳೆಯ ಜೀಪು ಕೊಂಡಿದ್ದ. ಮಿಸ್ತ್ರಿ ಖಾದರ್ ಚಾಚಾ ಅದಕ್ಕೆಂದು ಎರಡು ಬಗೆಯ ಗಾಲಿಗಳನ್ನು ನಮ್ಮ ಅಂಗಳಕ್ಕೆ ಉರುಳಿಸಿಕೊಂಡು ಬಂದರು. ಅಪ್ಪನ ಕಣ್ಣು ಅಗಲ ಟೈರಿನ ಮೇಲಿತ್ತು.

"ಅದು ಬ್ಯಾಡ್ರಿ. ಎರಿ ಮಣ್ಣಿನ ಕೆಸರಾಗ ಸಣ್ಣ ಟೈರೇ ಕೊರಕೊಂಡು ಹೋಗಿ ಗಟ್ಟಿ ನೆಲ ಹಿಡೀತದ," ಎಂದರು ಚಾಚಾ.

ಅಪ್ಪ ಒಪ್ಪಿದ. ಸಣ್ಣ ಟೈರಿನ ಚಕ್ರ ಮಾತ್ರ ಎರಡು ಹೋಳಿನದು, ಸುತ್ತ ನಟ್ಟು ಹಾಕಿ ಜೋಡಿಸಿದ್ದು. ಚಾಚಾ ನಮಾಜಿಗೆ ಹೋದದ್ದೇ ತಡ, "ಒಳಗ ಕಬ್ಬಿಣಕ್ಕ ಜಂಗ್ ಹಿಡದದೇನ್ ನೋಡ್ತೀನಿ," ಎಂದು ಅಪ್ಪ ಟೈರಿನೊಳಗಿನ ಗಾಳಿ ಬಿಡದೆಯೇ ನಟ್ಟು ಬಿಚ್ಚತೊಡಗಿದ.

ಢಮ್ಮೆಂದಿತು. ಅರ್ಧ ಚಕ್ರ ಹಾರಿ ಪಡಸಾಲೆಯ ಛಾವಣಿಗೆ ಹಾಸಿದ್ದ ಫರಸಿಗಲ್ಲನ್ನು ಒಡೆದು ಬಿತ್ತು. ಅಂಗಳವೆಲ್ಲ ದೂಳು. ಅಪ್ಪ ಕಾಣಲಿಲ್ಲ.

"ಸೋಮಪ್ಪಾ!"

ಚೀರಿದ್ದು ಅವ್ವ. ಗಂಡನ ಹೆಸರು ಬಾಯಿಗೆ ಬಂದೀತೆಂದು ಸೋಮವಾರವನ್ನೂ "ಐತಾರದ ಮರುದಿನ" ಎನ್ನುತ್ತಿದ್ದ ಅವ್ವ.

"ಓ," ಎಂದ ಅಪ್ಪ ದೂಳಿನೊಳಗಿಂದ, ಹಾಜರಿ ಕೂಗಿದಾಗ ಓಗೊಡುವ ಶಾಲೆಯ ಹುಡುಗನಂತೆ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.