ಮೂರು ತಿಂಗಳ ಕೊಳೆ

ಪುಟ್ಟಸ್ವಾಮಯ್ಯನವರು ಮಾಡಿದ ಅಂಗೈಯಗಲದ ಪ್ಲಾಸ್ಟಿಕ್ ಯುದ್ಧಟ್ಯಾಂಕು ಹೋದ ವರ್ಷದ ಮಾದರಿ ಸ್ಪರ್ಧೆಯಲ್ಲಿ ಸೋತಿತ್ತು. ತೀರ್ಪು ಕೊಡಲು ಬಂದಿದ್ದ ನಿವೃತ್ತ ಕರ್ನಲ್ಲರು, "ಬಣ್ಣವೇನೋ ಚೆನ್ನಾಗಿದೆ. ಆದ್ರೆ ಈಗಷ್ಟೇ ಅಂಗಡಿಯಿಂದ ತಂದ ಹಾಗಿದೆಯಲ್ರೀ" ಎಂದುಬಿಟ್ಟಿದ್ದರು.

ಆ ಮಾತು ನಾಟಿತ್ತು. ಈ ಸಲ ಮೂರು ತಿಂಗಳು ಪಟ್ಟಾಗಿ ಕೂತು, ಅದೇ ಟ್ಯಾಂಕು ಯುದ್ಧ ಮುಗಿಸಿ ಬಂದಂತೆ ಕಾಣಲೆಂದು ಸಣ್ಣ ಕುಂಚದಲ್ಲಿ ಅದರ ಅಂಚಂಚಿಗೂ ತುಕ್ಕು ಬರೆದರು, ಚಕ್ರಗಳಿಗೆ ಕೆಮ್ಮಣ್ಣಿನ ಪುಡಿ ಮೆತ್ತಿದರು. ಸ್ಪರ್ಧೆಯ ಹಿಂದಿನ ದಿನ ಬೂದುಗುಂಬಳಕಾಯಿ ತರಲು ಮಾರ್ಕೆಟ್ಟಿಗೆ ಹೋಗಿ ಬಂದರೆ, ಟ್ಯಾಂಕು ಅಂಗಳದಲ್ಲಿ ಸ್ಕೂಟರಿನ ಪಕ್ಕ ಫಳಫಳ ಹೊಳೆಯುತ್ತ ಕೂತಿತ್ತು. ಮೂತಿಗೆ ಅರಿಶಿನ ಕುಂಕುಮ, ಫಿರಂಗಿಯ ತುದಿಗೆ ಚೆಂಡುಹೂವು. ಪಕ್ಕದಲ್ಲಿ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಅಯ್ಯೋ, ಏನೇ ಮಾಡ್ಬಿಟ್ಟೆ?"

"ಆಯುಧಪೂಜೆ ಅಲ್ವೇನ್ರೀ? ಕೊಳಕು ಗಾಡಿಗೆ ಯಾರಾದ್ರೂ ಪೂಜೆ ಮಾಡ್ತಾರಾ? ಸೀಗೆಪುಡಿ ಹಾಕಿ ಉಜ್ಜೋ ಅಷ್ಟರಲ್ಲಿ ಕೈ ಬಿದ್ದೋಯ್ತು."

"ಅದು ಮೂರು ತಿಂಗಳಿಂದ ಹಚ್ಚಿದ ಕೊಳೆ ಕಣೇ!"

"ಮೂರು ತಿಂಗಳಿಂದ ತೊಳೀದೇ ಇಟ್ಟಿದ್ರಾ?"

ಮತ್ತೆ ಬಳಿಯಲು ಹೊತ್ತಿರಲಿಲ್ಲ. ಮಾರನೆಯ ದಿನ ಅವರು ಬೇಡವೆಂದರೂ ಕೇಳದೆ, ಹೆಂಡತಿಯೇ ಅದನ್ನು ಹಾಗೇ ತಟ್ಟೆಯಲ್ಲಿಟ್ಟುಕೊಂಡು ಸ್ಪರ್ಧೆಗೆ ತಂದಳು. ಕರ್ನಲ್ಲರು ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಪುಟ್ಟಸ್ವಾಮಯ್ಯನವರು ತಲೆ ಎತ್ತಲಿಲ್ಲ.

"ನಮ್ಮ ರೆಜಿಮೆಂಟಲ್ಲಿ ವರ್ಷಕ್ಕೊಂದು ದಿನ ಟ್ಯಾಂಕು ಥೇಟ್ ಹೀಗೇ ಇರ್ತಿತ್ತು. ಮೊದಲ ಬಹುಮಾನ ನಿಮಗೇ" ಎಂದ ಕರ್ನಲ್ಲರು ಇನ್ನೊಮ್ಮೆ ಬಗ್ಗಿದರು. "ಆದ್ರೆ ಚಕ್ರದ ಕೆಳಗೆ ನಿಂಬೆಹಣ್ಣು ಎಲ್ರೀ?"