ಎರಡನೆಯ ಸಹಿ

ಗುಮಾಸ್ತ ಕಾಲ್ಟೋಫೆನ್ ಸೈಕಲ್ಲನ್ನು ಬದುವಿಗೆ ಒರಗಿಸಿ, ಆಲೂಗಡ್ಡೆ ಸಾಲುಗಳ ನಡುವೆ ಬೂಟುಗಾಲನ್ನು ಎತ್ತಿ ಎತ್ತಿ ಇಡುತ್ತ ಬಂದ. ಅವನ ಕೈಯಲ್ಲಿದ್ದ ಕಾಗದ ಎಂಥದೆಂದು ಓಟೀಲಿಯಳಿಗೆ ಓದದೆಯೇ ತಿಳಿಯಿತು. ಏಳು ವರ್ಷದ ಹಿಂದೆಯೂ ಇದೇ ಜೂನ್ ತಿಂಗಳಲ್ಲಿ, ಇದೇ ಹೊಲಕ್ಕೆ ಹೀಗೆಯೇ ಬಂದಿದ್ದ. ಆಗ ನಾಜಿಗಳ ಕಾಲ. ಈಗ, ಸಾವಿರದ ಒಂಬೈನೂರ ಐವತ್ತರಲ್ಲಿ, ಜರ್ಮನಿಯ ಈ ಭಾಗ ರಷ್ಯದವರ ಹಿಡಿತದಲ್ಲಿತ್ತು, ಪಶ್ಚಿಮದ ಭಾಗ ಅಮೆರಿಕದವರ ಕಡೆಗಿತ್ತು. ಕಾಲ್ಟೋಫೆನ್ ಮಾತ್ರ ಎರಡು ಕಾಲಕ್ಕೂ ಊರ ಕಚೇರಿಯ ಗುಮಾಸ್ತನೇ. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಎತ್ತಿದ ಕೈ. ಕೋಟಿನ ಮೇಲಿನ ಬಿಲ್ಲೆ ಬದಲಾಗಿತ್ತು, ಬಿಲ್ಲೆ ಚುಚ್ಚಿದ ತೂತು ಹಳೆಯದೇ.

“ಒಂದು ಸಹಿ ಬೇಕಿತ್ತು ತಾಯಿ,” ಎಂದ.

ಓಟೀಲಿಯ ಬಗ್ಗಿದವಳು ಬಗ್ಗಿದಂತೆಯೇ ಇನ್ನೊಂದು ಎಲೆ ಮಗುಚಿದಳು. ಹಳದಿ ಮೈ, ಕಪ್ಪು ಪಟ್ಟೆಯ ಜೀರುಂಡೆಯನ್ನು ಹಿಡಿದು ಸೀಮೆಎಣ್ಣೆಯ ಬಾಟಲಿಗೆ ಹಾಕಿದಳು. ಪಕ್ಕದ ಸಾಲಿನಲ್ಲಿ ಹದಿನಾಲ್ಕರ ಮಗಳು ರೋಸ್ವಿತಾಳೂ ಅದನ್ನೇ ಮಾಡುತ್ತಿದ್ದಳು. ಈ ವರ್ಷ ಹುಳದ ಕಾಟ ಹೇಳತೀರದು.

“ಓದಿ,” ಎಂದಳು.

“ಓದೋದಕ್ಕೇನಿದೆ ಇದರಲ್ಲಿ?”

“ಓದಿ ಗುಮಾಸ್ತರೇ. ಹೋದ ಸಲ ಓದಿಸ್ದೇ ಹಾಕಿದ್ದೆ.”

ಕಾಲ್ಟೋಫೆನ್ ಗಂಟಲು ಸರಿಮಾಡಿಕೊಂಡ. “ಮೇ ಇಪ್ಪತ್ತನಾಲ್ಕರಂದು ಅಮೆರಿಕದ ವಿಮಾನವೊಂದು ನನ್ನ ಹೊಲದ ಮೇಲೆ ತೀರ ತಗ್ಗಿನಲ್ಲಿ ಹಾರಿಹೋದುದನ್ನೂ, ಅದರಿಂದ ಜೀರುಂಡೆಗಳು ಉದುರಿದುದನ್ನೂ ಕಣ್ಣಾರೆ ಕಂಡಿದ್ದೇನೆ.”

ರೋಸ್ವಿತಾ ಥಟ್ಟನೆ ನೆಟ್ಟಗಾದಳು. “ಹೌದಾ ಅಮ್ಮಾ? ಸ್ಕೂಲಲ್ಲೂ ಹಾಗೇ ಹೇಳಿದ್ರು. ನೀನೇ ನೋಡಿದ್ಯಾ?”

ಆ ದನಿಯಲ್ಲಿ ಅನುಮಾನವಿರಲಿಲ್ಲ. ನಂಬುವ ಆಸೆಯೇ ಇತ್ತು. ಹಿರಿಯ ಮಗ ಎಕಾರ್ಟನೂ ಅಂದು ಹೀಗೆಯೇ ಕೇಳಿದ್ದ.

“ಹೋದ ಸಲ ಇಂಗ್ಲಿಷರ ವಿಮಾನ ಅಂತ ಬರೆದಿದ್ರಿ,” ಎಂದಳು ಗುಮಾಸ್ತನಿಗೆ. “ಜೀರುಂಡೆ ಅದೇ, ಪಟ್ಟೆ ಅದೇ, ನಿಮ್ಮ ಪೆನ್ನೂ ಅದೇ. ವಿಮಾನ ಒಂದು ಬೇರೆ.”

“ಮೆಲ್ಲಗೆ ಮಾತಾಡು ತಾಯಿ! ಗೋಡೆಗೂ ಕಿವಿ ಇರುತ್ತೆ.”

“ಹೊಲದಲ್ಲಿ ಗೋಡೆ ಎಲ್ಲಿಂದ ತರಲಿ?”

ಕಾಲ್ಟೋಫೆನ್ ಬೆವರು ಒರೆಸಿಕೊಂಡ. “ನೋಡು, ಎತ್ತು ಈಯ್ತು ಅಂತ ಮೇಲಿನೋರು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋದು ನನ್ನ ಕೆಲಸ. ಹೋದ ಸಲ ಕಮಕ್ ಕಿಮಕ್ ಅನ್ನದೆ ಹಾಕಿದ್ಯಲ್ಲ?”

“ಹಾಕಿದೆ. ನೀವು ಅದನ್ನ ಪೇಪರಿಗೆ ಕೊಟ್ರಿ. ನನ್ನ ಎಕಾರ್ಟ್ ಅದನ್ನ ಕತ್ತರಿಸಿ ಜೇಬಲ್ಲಿ ಇಟ್ಕೊಂಡ. ‘ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ, ನಮ್ಮಮ್ಮನೇ ಕಂಡಿದಾಳಲ್ಲ’ ಅಂದ. ಹದಿನಾರು ತುಂಬಿರ್ಲಿಲ್ಲ ಅವನಿಗೆ. ನಮ್ಮ ಹೊಲಕ್ಕೆ ಹುಳ ಎಸೆದೋರನ್ನ ಬಿಡಲ್ಲ ಅಂತ, ವಯಸ್ಸು ಸುಳ್ಳು ಹೇಳಿ ಸೈನ್ಯಕ್ಕೆ ಸೇರ್ಕೊಂಡ. ಮನೆಗೆ ವಾಪಸು ಬಂದಿದ್ದು ಆ ಪೇಪರಿನ ತುಂಡು ಒಂದೇ.”

ಇದನ್ನು ಅವಳು ಈವರೆಗೆ ಯಾರೆದುರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆ ಸಹಿಗಾಗಿ ತನ್ನನ್ನು ತಾನು ಒಂದು ದಿನವೂ ಕ್ಷಮಿಸಿಕೊಂಡಿರಲಿಲ್ಲ. ರೋಸ್ವಿತಾ ಬಾಟಲಿ ಹಿಡಿದು ಹಾಗೆಯೇ ನಿಂತುಬಿಟ್ಟಳು.

ಕಾಲ್ಟೋಫೆನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವನೇನೂ ಕೆಟ್ಟವನಲ್ಲ, ಹೆದರುಪುಕ್ಕಲ ಅಷ್ಟೇ. “ಆಗಿದ್ದು ಆಗಿಹೋಯ್ತು. ಮುಂದಿಂದು ನೋಡು. ಸಹಿ ಹಾಕ್ದಿದ್ರೆ ಕೊಯ್ಲಿಗೆ ಸರ್ಕಾರದ ಯಂತ್ರ ಬರಲ್ಲ. ನಾಲ್ಕು ಎಕರೆ ರೈ ಧಾನ್ಯ, ಗಂಡಸಿಲ್ಲದ ಮನೆ. ಹೊತ್ತಿಗೆ ಸರಿಯಾಗಿ ಸರ್ಕಾರದ ಪಾಲಿನ ಕಾಳು ಒಪ್ಪಿಸ್ದಿದ್ರೆ ಹೊಲಾನೇ ಕಿತ್ಕೋತಾರೆ.”

“ನಮ್ಮ ಯಜಮಾನರ ಕುಡುಗೋಲು ಗೋಡೆ ಮೇಲೆ ಹಾಗೇ ಇದೆ. ಮನೇಲಿ ಎರಡು ಜೊತೆ ಕೈಗಳೂ ಇವೆ.”

“ಬರೀ ಒಂದು ಸಾಲಿಗೆ ಇಷ್ಟು ಹಟವಾ! ಇದನ್ನೆಲ್ಲ ಯಾರು ಓದ್ತಾರೆ ತಾಯಿ?”

“ಓದೋರು ಮನೇಲೇ ಇರ್ತಾರೆ,” ಎಂದಳು.

ಮಣ್ಣಾದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, “ಕೊಡಿ ಪೆನ್ನು,” ಎಂದಳು. ಗುಮಾಸ್ತನ ಮುಖ ಅರಳಿತು. ಬಗ್ಗಿ ಬೆನ್ನನ್ನೇ ಮೇಜು ಮಾಡಿ ಕೊಟ್ಟ. ಓಟೀಲಿಯ ಅಚ್ಚಾಗಿದ್ದ ಸಾಲನ್ನು ಉದ್ದಕ್ಕೂ ಹೊಡೆದುಹಾಕಿ, ಅದರ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: ‘ಎಲೆಯ ಅಡಿಯಲ್ಲಿ ಮೊಟ್ಟೆ ಕಂಡೆ. ಆಕಾಶದಲ್ಲಿ ಏನನ್ನೂ ಕಾಣಲಿಲ್ಲ.’ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಕಾಲ್ಟೋಫೆನ್ ಅದನ್ನು ಎರಡು ಸಲ ಓದಿದ. ಹರಿಯಲೂ ಆಗದೆ, ಒಯ್ಯಲೂ ಆಗದೆ, ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ತುರುಕಿಕೊಂಡು ಬದುವಿನ ಕಡೆಗೆ ನಡೆದ.

“ಅಮ್ಮಾ,” ಎಂದಳು ರೋಸ್ವಿತಾ. “ಕುಡುಗೋಲು ಬೀಸೋದು ನಂಗೂ ಹೇಳಿಕೊಡ್ತೀಯಾ?”

“ಇವತ್ತೇ. ಮೊದಲು ಈ ಸಾಲು ಮುಗಿಸು.”

ಅಷ್ಟರಲ್ಲಿ ಪಶ್ಚಿಮದ ಕಡೆಯಿಂದ ವಿಮಾನದ ಸದ್ದು ಕೇಳಿಸಿತು. ಬರ್ಲಿನ್ನಿಗೆ ದಿನವೂ ಹೋಗುವಂಥದೇ. ಬದುವಿನಲ್ಲಿ ಗುಮಾಸ್ತ ಸೈಕಲ್ ಹಿಡಿದು ನಿಂತು ಮೇಲೆ ನೋಡಿದ. ರೋಸ್ವಿತಾಳೂ ಕಣ್ಣಿಗೆ ಕೈ ಅಡ್ಡ ಹಿಡಿದು ತಲೆ ಎತ್ತಿದಳು.

ಓಟೀಲಿಯ ಬಗ್ಗಿದ ಸೊಂಟ ಎತ್ತಲಿಲ್ಲ.

“ಕೆಳಗೆ ನೋಡೇ,” ಎಂದಳು. “ಹುಳ ಇರೋದು ಎಲೆ ಅಡೀಲಿ.”