ಆಯುಧಪೂಜೆಗೆ ತಿಕ್ಕಿದ ಕಠಾರಿ

ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಮೆಲ್ಬರ್ನ್‌ನಿಂದ ತಮ್ಮ ಫೋನ್ ಮಾಡಿ, ತೀರಿಹೋದ ಅಪ್ಪನ ಕಠಾರಿಗಳೆಲ್ಲ ಹರಾಜಾದವು ಎಂದ. ಆ ಹುಳಿ ವಾಸನೆಯಲ್ಲೇ, ತೊಂಬತ್ತರ ದಶಕದಲ್ಲಿ ನಾವೆಲ್ಲ ಮೆಲ್ಬರ್ನ್‌ನಲ್ಲೇ ಇದ್ದಾಗಿನ ಒಂದು ಮಧ್ಯಾಹ್ನ ನೆನಪಾಯಿತು.

ಅಪ್ಪ ಹಳೆಯ ಜರ್ಮನ್ ಸೇನಾಧಿಕಾರಿಗಳ ಸಮವಸ್ತ್ರದ ಕಠಾರಿಗಳನ್ನು ಗಾಜಿನ ಬೀರುವಿನಲ್ಲಿ ಕೂಡಿಡುತ್ತಿದ್ದರು. ಆಯುಧಪೂಜೆಯ ದಿನ ಅಮ್ಮ ಅವುಗಳಲ್ಲಿ ಹಿತ್ತಾಳೆಯ ಹಿಡಿ ತೀರ ಕಪ್ಪಾಗಿದ್ದ ಒಂದನ್ನು ತೆಗೆದು, ಹುಣಸೆಹಣ್ಣಿನಿಂದ ತಿಕ್ಕಿ, ಕಳಶದ ಹಾಗೆ ಹೊಳೆಯಿಸಿ, ಕುಂಕುಮವಿಟ್ಟು ದೇವರ ಮುಂದಿಟ್ಟಳು. ಆಫೀಸಿನಿಂದ ಬಂದ ಅಪ್ಪ ನೋಡಿ ನಿಂತುಬಿಟ್ಟರು.

“ಐವತ್ತು ವರ್ಷದ ಕಪ್ಪು ಕಣೇ ಅದು! ಅದಿದ್ರೇನೇ ಆಂಟಿಕ್ಕು. ಇನ್ಯಾವನು ಮುಟ್ತಾನೆ ಇದನ್ನ?”

“ಹಬ್ಬ ಅಲ್ವೇನ್ರೀ? ಮನೇಲಿರೋ ಆಯುಧ ಅಂದ್ರೆ ಇವೇ ತಾನೇ?”

ದೇವರ ದಯೆ, ಅಪ್ಪ ಕೈ ಎತ್ತಲಿಲ್ಲ. ಸಂಜೆ ಊಟಕ್ಕೆ ಬಂದವರೆದುರು ಮಾತ್ರ ಆ ಕಠಾರಿ ಹಿಡಿದು, “ನೋಡ್ರೀ, ನಮ್ಮನೆಯವಳಿಗೆ ಕೈಗೆ ಸಿಕ್ಕಿದ್ದೆಲ್ಲ ಪಾತ್ರೇನೇ” ಎಂದರು. ಅಂಕಲ್‌ಗಳು ನಕ್ಕರು, ಆಂಟಿಯರೂ ನಕ್ಕರು. ಅಮ್ಮನೂ ನಕ್ಕು, ಎಲ್ಲರಿಗೂ ಇನ್ನೊಂದು ಹೋಳಿಗೆ ಬಡಿಸಿದಳು.

ಮಾರನೆಯ ಬೆಳಿಗ್ಗೆ ಅಪ್ಪ ಬೀರುವಿಗೆ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ ಕೆಲಸಕ್ಕೆ ಹೋದರು. ಅಮ್ಮ ಒದ್ದೆ ಬಟ್ಟೆ ಹಿಂಡಿಕೊಂಡು ಬಂದು, ಹೊರಗಿನಿಂದ ಅದರ ಗಾಜು ಒರೆಸತೊಡಗಿದಳು.